ರಸೀದಿ

ತನಿಖೆಯವರಿಬ್ಬರು ಬಂದಿದ್ದರು, ಟೈ ಕಟ್ಟಿಕೊಂಡು,
ಮಿಸಿಸಿಪ್ಪಿಯ ಈ ಬಿಸಿಲಲ್ಲಿ.
“ವಾಷಿಂಗ್ ಮಷೀನಿಗೆ ರಸೀದಿ ಇದೆಯೇ, ಅಮ್ಮ?”
ಇಲ್ಲ.

ಗೆದ್ದ ರಾತ್ರಿಗಳಲ್ಲಿ ಹಾಲಿಸ್ ಟಾರ್ವರ್ ಕೈಕುಲುಕುತ್ತಿದ್ದ,
ನನ್ನ ಓಡೆಲ್‌ನ ಅಂಗೈಯಲ್ಲಿ
ನಾಲ್ಕು ಮಡಿಕೆಯ ನೋಟು ಬಿಟ್ಟು.
ಎಂಜಲುಗೈಯಲ್ಲಿ ಕಾಗೆ ಓಡಿಸದ ಆಸಾಮಿ;
ಮೂರು ಊರಲ್ಲಿ ಕಾರಿನಂಗಡಿ.

ಬರೆದುಕೊಂಡರು: ಕಂಪನಿ, ಬಣ್ಣ, ತಂದ ತಿಂಗಳು.
ಎಂಬತ್ತು ಸಾವಿರ ಸೀಟಿನ ದುಡ್ಡು ಎಲ್ಲಿಗೆ ಹೋಯಿತೆಂದು
ನಾನು ಕೇಳಲಿಲ್ಲ. ಐಸ್ ಟೀ ಕೊಟ್ಟೆ.
“ಬೇಡ, ನಿಯಮವಿದೆ” ಅಂದರು.

ನವೆಂಬರಿನಲ್ಲಿ ಮೊಣಕಾಲು ಹೋಯಿತು.
ಆಮೇಲೂ ಟಾರ್ವರ್ ಕೈಕುಲುಕಿದ, ಒಮ್ಮೆ,
ಚರ್ಚಿನ ಮೆಟ್ಟಿಲಲ್ಲಿ.
ಓಡೆಲ್ ಮನೆಗೆ ಬಂದು ಅಂಗೈ ಬಿಡಿಸಿ ತೋರಿಸಿದ:
ಬೆವರು.

ಮಷೀನು ಬೇಕಾದರೆ ಒಯ್ಯಿರಿ, ಅಂದೆ.
ಒಳಗೆ ಅವನ ಬಟ್ಟೆ ತಿರುಗುತ್ತಿದೆ,
ಮುಗಿಯಲಿ.