ಬಿಳಿ ಬಟ್ಟೆಯ ನಾಲ್ಕು ಮೂಲೆ

ಕೋಡಿಬಾಗದ ಈ ಸಭಾಭವನಕ್ಕೆ ಈಗ ನಾನೇ ಕಾವಲು.
ಒಂದು ಬ್ಯಾಟರಿ, ಒಂದು ಪ್ಲಾಸ್ಟಿಕ್ ಕುರ್ಚಿ, ಹೇಳಿಕೊಳ್ಳದಷ್ಟು ಸಂಬಳ.
ಲಾಠಿ ಬೇಕೇ ಎಂದು ಕೇಳಿದ್ದರು. ಬೇಡ ಎಂದೆ.

ಎರಡನೇ ಶನಿವಾರ ಕಾಲೇಜಿನ ಮಾಸ್ತರರು
ಹೊರದೇಶದ ಸಿನೆಮಾ ತರುತ್ತಾರೆ.
ಪರದೆ ಅಂದರೆ ಅವರ ಮನೆಯದೇ ಬಿಳಿ ಬೆಡ್‌ಶೀಟು,
ಮೂಲೆಗಳಿಗೆ ಸುತಳಿ ಬಿಗಿದು ನಾನು ಕಟ್ಟಬೇಕು.
ಈ ಸಲ ಜಪಾನಿನದು.
"ಭಾರಿ ನಿಧಾನ ಉಂಟು ಗುನಗಾ, ನಿದ್ದೆ ಬಂದೀತು."
ನಿದ್ದೆ ಬರುವವನಾದರೆ
ರಾತ್ರಿ ಪಾಳಿಯನ್ನೇ ಬೇಡಿ ತೆಗೆದುಕೊಳ್ಳುತ್ತಿದ್ದೆನೇ?

ಮೂವರು ಮುದುಕರು. ಒಂದು ಕಾಲದ ಪೊಲೀಸರು.
ಕೆಲಸದಿಂದ ತೆಗೆದವರೆಂದು ಯಾರೂ ಹೇಳಲಿಲ್ಲ.
ಒಬ್ಬ ಕನ್ನಡಿಯೆದುರು ನಿಂತು, ಎದೆಯ ಎಡಗಡೆ
ಇಲ್ಲದ ಬಿಲ್ಲೆಯ ಮೇಲೆ ಬೆರಳಾಡಿಸಿದ.
ಸಾಕು, ನನಗೆ ಗೊತ್ತಾಯಿತು.
ಕೆಳಗೆ ಓಡುವ ಇಂಗ್ಲಿಷು ಕಣ್ಣಿಗೆ ಸಿಗಲಿಲ್ಲ. ಬೇಕಾಗಲೂ ಇಲ್ಲ.

ಒಬ್ಬ ಚಾ ಕಾಸಿದ; ನೀರು ಕುದಿಯುವ ತನಕ ನಾವೂ ಕಾದೆವು.
ಇನ್ನೊಬ್ಬ ಮೀನು ಕೊಯ್ದ, ಬಾಲದ ಕಡೆಯಿಂದ.
ನನ್ನ ಹೆಂಡತಿ ಕಂಡಿದ್ದರೆ ಕತ್ತಿ ಕಸಿದುಕೊಳ್ಳುತ್ತಿದ್ದಳು.
ಹಿಮ ಬಿತ್ತು. ಬೀಳುತ್ತಲೇ ಇತ್ತು.
ಸದಾಶಿವಗಡದ ಕೊನೆಯ ಬಸ್ಸಿಗೆಂದು ಎಂಟು ಜನ ಎದ್ದರು,
ಅವರ ಬೆನ್ನಿಗೇ ಮಾಜಾಳಿಯವರು.

ಆಮೇಲೆ ಬಂತು ಆ ಬಾಗಿಲು.
ಉದ್ದ ಓಣಿ, ಕೊನೆಯಲ್ಲಿ ಮುಚ್ಚಿದ ಬಾಗಿಲು,
ಕ್ಯಾಮೆರಾ ಅಲ್ಲೇ ಕೂತುಬಿಟ್ಟಿತು.
ಹೊಡೆತವಿಲ್ಲ. ಕೂಗಿಲ್ಲ.
ಚಿಲಕದ ಹತ್ತಿರ ಬಣ್ಣ ಎದ್ದಿತ್ತು, ಅಷ್ಟೇ.
ಮುಂದಿನ ಸಾಲಿನ ಹುಡುಗ ಆಕಳಿಸಿ "ಸ್ಟಕ್ ಆಯ್ತನಾ?" ಎಂದ.
ಇಲ್ಲ ತಮಾ, ಅದು ಹಾಗೇ.
ಒಳಗಿದ್ದವನಿಗೆ ಬೇಗ ಮುಗಿಯುತ್ತದೆ.

ಗಣಪು ತಾಂಡೇಲ, ವಯಸ್ಸು ಇಪ್ಪತ್ತೆರಡು.
ದೋಣಿಯ ಇಂಜಿನ್ ಕದ್ದ ಗುಮಾನಿ.
ಇಂಜಿನ್ ಎರಡು ದಿನ ಬಿಟ್ಟು ಬೇಲೆಕೇರಿಯಲ್ಲಿ ಸಿಕ್ಕಿತು,
ಕದ್ದವ ಬೇರೆ.
ನಾನು ಕೈ ಎತ್ತಲಿಲ್ಲ. ವಿಚಾರಣೆಯಲ್ಲಿ ಹೇಳಿದ್ದು ಇದನ್ನೇ,
ದೇವರ ಮುಂದೆಯೂ ಇದನ್ನೇ.
ನಾನು ಬಾಗಿಲ ಹೊರಗೆ ಕೂತು ಸ್ಟೇಷನ್ ಡೈರಿ ಬರೆದೆ:
ರಾತ್ರಿ ಎರಡು ನಲವತ್ತು. ಎಲ್ಲ ಶಾಂತ.
ಗುಂಡಗಿನ ಅಕ್ಷರ. ಎದುರಿನ ವಕೀಲರೂ ಹೊಗಳಿದರು.

ದೀಪ ಹಾಕಿದಾಗ ಮೂರನೇ ಸಾಲಿನ ತುದಿಯಲ್ಲಿ
ಒಬ್ಬರು ಇನ್ನೂ ಕೂತಿದ್ದರು,
ಹೊಟ್ಟೆ ಇಳಿದಿತ್ತು, ಮೀಸೆಗೆ ಬಣ್ಣ ಬಿಟ್ಟಿದ್ದರು.
ನನಗಿಂತ ಮೊದಲು ನನ್ನ ಹಿಮ್ಮಡಿಗಳು ಗುರುತು ಹಿಡಿದವು,
ಹವಾಯಿ ಚಪ್ಪಲಿಯಲ್ಲೇ ಜೋಡಿಯಾದವು.
ಕೊಠಾರಕರ ಸಾಹೇಬರು.
ಬೈತಖೋಲದಲ್ಲಿ ಐಸಿನ ಲೆಕ್ಕ ಬರೆಯುತ್ತಾರೆಂದು ಕೇಳಿದ್ದೆ.

"ಸುಬ್ರಾಯ, ನಾನು ಕೈ ತೊಳೆಯೂಕೆ ಹೋದಾಗ
ಅವ ನೀರು ಕೇಳಿದ್ನನಾ?"
"ಕೇಳಿದ್ದ."
"ಕೊಟ್ಯಾ?"

ಹನ್ನೊಂದು ವರ್ಷ. ಎರಡು ಕೋರ್ಟು, ಒಂದು ಇಲಾಖಾ ತನಿಖೆ.
ಯಾರೂ ಕೇಳಿರಲಿಲ್ಲ ಇದನ್ನು.
ಹೊರಗೆ ಉಬ್ಬರ. ಕಾಳಿ ಹಿಂದಕ್ಕೆ ಹರಿಯುತ್ತಿತ್ತು.
"ಡೈರಿ ಬರೀತಿದ್ದೆ ಸಾಹೇಬ್ರೇ."

ಅವರು ತಲೆ ಆಡಿಸಿದರು. ಹೌದೆಂದೋ, ಅಲ್ಲವೆಂದೋ.

ಬೆಡ್‌ಶೀಟು ಒಬ್ಬನೇ ಮಡಚಲು ಬರುವುದಿಲ್ಲ.
ಕೇಳದೆಯೇ ಅವರು ಎರಡು ಮೂಲೆ ಹಿಡಿದರು,
ನಾನು ಎರಡು.
ಎಳೆದು ಬಿಗಿ ಮಾಡಿದೆವು. ನಡುವೆ ಏನೂ ಇರಲಿಲ್ಲ,
ಆದರೂ ನಾಲ್ಕೂ ಕೈಗಳು ಭಾರಕ್ಕೆ ತಯಾರಾಗಿ ನಿಂತವು.
ಆ ಬೆಳಗಿನ ಜಾವ ಹಿಡಿದಂತೆಯೇ:
ಅವರು ತಲೆಯ ಕಡೆ,
ನಾನು ಕಾಲ ಕಡೆ.

ವಾಯರು ಸುತ್ತುತ್ತ ಮಾಸ್ತರರು ಕೂಗಿದರು,
"ಹೋಯ್, ನೆಲಕ್ಕೆ ತಾಗಿಸಬೇಡಿ ಮಾರಾಯ್ರೇ,
ಅದು ಮನೆಯಲ್ಲಿ ಹಾಸೋದು."