ಇಣಚಿಗೆ ಟಿ.ಸಿ.

ಮಾರ್ಚಿಯಲ್ಲಿ ಕೂಲರಿನ ಗೋಣಿತಟ್ಟು ತೆಗೆದಾಗ
ಹಿಂದಿನ ಜಾಳಿಗೆಯ ಹುಲ್ಲು ಅರ್ಧ ಮಾಯ.
ಮೊಗಲಪ್ಪ ಸ್ಕ್ರೂಡ್ರೈವರಿನ ತುದಿಯಿಂದ ಕಿವಿ ಕೆರೆದುಕೊಂಡ:
“ಇಣಚಿ ಕೆಲಸ ಅಕ್ಕಾ. ವಾಯರ್ ಭೀ ಕಡದಾವ.
ಹೊಸಾ ಹುಲ್ಲು ತುಂಬ್ತೀನಿ, ರೊಕ್ಕ ನಿಮ್ದು,
ಎಂಟು ದಿನದಾಗ ಇದೂ ಹೋಯ್ತದ.”

ಹುಲ್ಲು ಒಂದೇ ಅಲ್ಲ.
ಮಾಳಿಗೆ ಮೇಲೆ ಒಣಹಾಕಿದ ತೊಗರಿ,
ಅತ್ತೆಯ ಕೌದಿಯ ಒಂದು ಮೂಲೆ,
ನಲ್ಲಿಯ ಪ್ಲಾಸ್ಟಿಕ್ ಪೈಪು, ಯಾಕೋ, ಅದೂ.
ಎದುರುಮನೆಯವರು ಪಾಷಾಣ ಹೇಳಿದರು.
ಅತ್ತೆ ಅಕ್ಕಿ ಆರಿಸುವುದು ನಿಲ್ಲಿಸಿ
“ಸತ್ತದ್ದು ಎಲ್ಲಿ ಬೀಳ್ತದ? ನಮ್ಮ ಟಾಕ್ಯಾಗೇ” ಅಂದಳು.
ಕರುಣೆಯೋ ಲೆಕ್ಕವೋ,
ಅವಳಲ್ಲಿ ಎರಡಕ್ಕೂ ಒಂದೇ ದನಿ.

ಜೈಬುನ್ನಿಸಾ ಖಾಲಾ ಬೋನು ಕೊಟ್ಟಳು, ಜೊತೆಗೆ ಹಳೆ ದುಪಟ್ಟಾ.
“ಬಿಸಲಾಗ ಇಡಬ್ಯಾಡ. ಬಿದ್ದ ಕೂಡ್ಲೆ ಇದು ಹೊಚ್ಚು.
ಕತ್ತಲಾದ್ರ ಅದರ ಎದಿ ಸುಮ್ಮನಾಗ್ತದ.”
ಹುರಿದ ಶೇಂಗಾ ನಾಲ್ಕು, ಸೌತೆಕಾಯಿ ಒಂದು ಹೋಳು,
ಬಾಗಿಲಿನ ತಂತಿಗೆ ಒಂದು ತೊಟ್ಟು ಎಣ್ಣೆ.

ನಾನು ಹೈಸ್ಕೂಲಿನ ಗುಮಾಸ್ತೆ.
ಇಪ್ಪತ್ತೆರಡು ವರ್ಷದಿಂದ ಟಿ.ಸಿ. ಬರೆಯುತ್ತೇನೆ.
ಶಾಲೆ ಬಿಟ್ಟ ಕಾರಣ: ಪಾಲಕರ ವಲಸೆ.
ನಡತೆ: ಉತ್ತಮ.
ಯಾರ ನಡತೆಯನ್ನೂ ನಾನು ಬೇರೆ ಬರೆದಿಲ್ಲ.

ಮೊದಲನೆಯದು ಬಿದ್ದ ಬೆಳಿಗ್ಗೆ
ಮನೆಗೆ ತಂದಿದ್ದ ಸ್ಟಾಂಪ್ ಪ್ಯಾಡು ನೆನಪಾಯಿತು.
ಕಡ್ಡಿಗೆ ಹತ್ತಿ ಸುತ್ತಿ, ತಂತಿಯ ಸಂದಿಯಿಂದ
ಬಾಲದ ಬುಡಕ್ಕೆ ನೇರಳೆ ಶಾಯಿ ಮುಟ್ಟಿಸಿದೆ.
ತಿರುಗಿ ಬಂದರೆ ಗೊತ್ತಾಗಲಿ.
ಬೆನ್ನಿನ ಮೂರು ಗೆರೆ ದೇವರದಂತೆ;
ಇದು ಕಚೇರಿಯದು.

ಸ್ಕೂಟಿಯ ಕಾಲಡಿ ಬೋನು, ಮೇಲೆ ದುಪಟ್ಟಾ.
ರೈಲ್ವೆ ಸೇತುವೆ, ಎರಡು ಸಿಗ್ನಲ್ಲು, ಜೋಳದ ರೊಟ್ಟಿ ಕೇಂದ್ರದ ಹೊಗೆ,
ಆಮೇಲೆ ಕೋಟೆಯ ಕಂದಕದ ಬೇವು.
ಬಾಗಿಲು ತೆರೆದೆ. ಹೊರಬರಲಿಲ್ಲ.
ನಾನು ಹತ್ತು ಹೆಜ್ಜೆ ಹಿಂದೆ ಸರಿದ ಮೇಲೆ
ಒಂದು ಗೀರು ಮರ ಹತ್ತಿತು, ಅಷ್ಟೇ.
ಎರಡನೆಯದೂ ಹಾಗೇ. ಶಾಯಿ, ಸೇತುವೆ, ಬೇವು.
ನಾಲ್ಕು ದಿನ ಮಾಳಿಗೆಯ ಮೇಲೆ ಸದ್ದಿಲ್ಲ.
ತೊಗರಿ ತೊಗರಿಯಾಗಿಯೇ ಇತ್ತು.
ನನಗೆ ಮಾತ್ರ ಕಿವಿಯಲ್ಲಿ ಏನೋ ಖಾಲಿ.

ಐದನೆಯ ದಿನ ಮೂರನೆಯದು.
ಬಾಲ ಬೂದಿಬಣ್ಣ, ಗುರುತಿಲ್ಲ.
ಇದನ್ನು ದೂರ, ಭೋಸಗಾ ಕೆರೆಗೆ ಒಯ್ಯಬೇಕೆಂದು ಹೊರಟೆ.
ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಮುಗಿಯದ್ದು.
ಗಾಳಿಗೆ ದುಪಟ್ಟಾ ಸರಿದು ನೋಡಿದರೆ
ಅದು ಹಿಂಗಾಲ ಮೇಲೆ ನಿಂತು ತಂತಿ ಹಿಡಿದಿದೆ,
ಹೊಟ್ಟೆಯ ರೋಮ ಒದ್ದೆ,
ನಡುವೆ ಗುಲಾಬಿ ಮೊಲೆತೊಟ್ಟುಗಳು, ಜೋಡಿ ಜೋಡಿ.

ಗಾಡಿ ಇನ್ನೂ ಮುಗಿದಿರಲಿಲ್ಲ.
ಹಿಂದಿನ ಲಾರಿಯವನು ಬೈದ,
ನಾನು ಸ್ಕೂಟಿ ತಿರುಗಿಸುತ್ತಿದ್ದೆ.

ಮಾಳಿಗೆಯ ಮೇಲೆ ಬೋನು ತೆರೆದಾಗ
ಅದು ನನ್ನನ್ನು ದಾಟಿ ಎಲ್ಲಿಗೆ ಹೋಯಿತೆಂದು
ಬೇಕೆಂದೇ ನೋಡಲಿಲ್ಲ.
ಆ ಬೇಸಿಗೆ ಅರ್ಧ ಹುಲ್ಲಿನ ಕೂಲರು ಬಿಸಿಗಾಳಿ ಊದಿತು.
ಅತ್ತೆ ಬೀಸಣಿಗೆ ಹಿಡಿದು ಒಂದೇ ಮಾತು:
“ಬಾಣಂತಿ ಅದಾಳ, ಬಿಡು.”

ಜೂನಿನಲ್ಲಿ ಮೊಗಲಪ್ಪ ಗುಜರಿಗೆಂದು
ಮಾಳಿಗೆಯ ಮೂಲೆಯ ಸತ್ತ ಕೂಲರು ಬಿಚ್ಚಿದ.
ಮೋಟರಿನ ಬಗಲಲ್ಲಿ ಗೂಡು, ಖಾಲಿ, ಇನ್ನೂ ದುಂಡಗೆ.
ನಮ್ಮದೇ ಹುಲ್ಲು, ಕೌದಿಯ ನೀಲಿ ದಾರ,
ಒಳಮೈಯ ಹತ್ತಿಯಲ್ಲಿ
ಹೆಬ್ಬೆರಳಿನಷ್ಟು ನೇರಳೆ.

ಕೋಟೆಯಿಂದ ಇಲ್ಲಿಗೆ. ಸೇತುವೆ. ಎರಡು ಸಿಗ್ನಲ್ಲು.
ಬಂದು, ಮಲಗಿ, ನೆಕ್ಕಿ ನೆಕ್ಕಿ
ನನ್ನ ಶಾಯಿಯನ್ನು ಬಾಲದಿಂದ ತೆಗೆದಿರಬೇಕು.
ಆ ಒಂದು ದಿನ, ಅಥವಾ ಎರಡು,
ಮರಿಗಳು ಏನು ಕುಡಿದವು,
ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

“ಇದನ್ನ ಒಗೀಲೇನು ಅಕ್ಕಾ?”
ಬ್ಯಾಡ, ಅಂದೆ. ಕೂಲರೂ ಬ್ಯಾಡ, ಇರಲಿ.

ಮರುದಿನ ಕಿಟಕಿಯ ಹೊರಗೆ ಒಬ್ಬ ತಂದೆ,
ಕೈಯಲ್ಲಿ ನಾನೇ ಬರೆದ ಟಿ.ಸಿ., ಬೆವರಿಗೆ ಮೆತ್ತಗಾದದ್ದು.
“ಹುಡುಗ ಅಲ್ಲಿ ನಿಲ್ಲವಲ್ಲ ಮೇಡಂ.”
ಕಾರಣ ಕೇಳುವ ಕಾಲಮ್ಮು ಇದೆ.
ಕೇಳಲಿಲ್ಲ.
ದಾಖಲಾತಿ ಪುಸ್ತಕ ಎಳೆದುಕೊಂಡೆ.