ಕಂಡಿಕಿ ಸುತ್ತಾಕಿಯ ನಿದ್ದಿ

ಗುಳೇದಗುಡ್ಡದಾಗ ಕರೆಂಟು ಹೋದರ
ಮನಿಮಂದಿ ಗ್ವಾಡಿ ತಡವರಸತಾರ;
ಕಂದೀಲು ಎಲ್ಲೈತಿ ಅಂತ ಹೇಳಾಕಿ ನಾನ.

ಹೊಸ ಸೊಸಿ ಸಾವಂತ್ರಿ ಕೌದಿ ಹಾಸಕೋತ ಕೇಳಿದಳು:
"ಅತ್ತಿ, ಹುಟ್ಟಾ ಕಣ್ಣಿಲ್ಲದಾಕಿ ನೀ,
ಕನಸಿನ್ಯಾಗ ಏನ್ ಕಾಣತೈತಿ?"
ನಮ್ಮಣ್ಣ ಕೆಮ್ಮಿದ, ಸುಮ್ಮನಿರು ಅನ್ನೋಹಂಗ.

ಕಾಣೂದಿಲ್ಲವ್ವ. ಬೀಳತೈತಿ.
ನಿಮಗೂ ಬಿತ್ತು ಅಂತನ ಅಂತೀರಲ್ಲ?

ನಿನ್ನಿ ಬಿದ್ದದ್ದು:
ಮಗ್ಗದ ಕುಣಿಯೊಳಗ ನೀರು, ಮೊಣಕಾಲಮಟ.
ಲಾಳಿ ಈ ಕಿವಿಯಿಂದ ಆ ಕಿವಿಗೆ ಓಡಿ
ತಿರುಗಿ ಬರಲೇ ಇಲ್ಲ.
ಎಳಿ ಹಿಡಕೊಂಡು ಹೋದೆ. ಗಂಜಿವಾಸನಿ, ಬಿಸಿ ಕಲ್ಲು,
ತುದಿಗೆ ನಮ್ಮವ್ವನ ಕೈ,
ಹೆಬ್ಬೆರಳಿನ ಸುಟ್ಟ ಕಲಿ ಸಮೇತ.
ಮಾತಾಡಲಿಲ್ಲ. ರೊಟ್ಟಿ ಹಂಗ ನನ್ನ ಮಾರಿ ತಟ್ಟಿದಳು.

ಎದ್ದಾಗ ಕೋಳಿ ಕೂಗಿರಲಿಲ್ಲ.
ನನ್ನ ನಿದ್ದಿ ಹಿಂಗ, ಗಡಿಯಾರದ ಮಾತು ಕೇಳೂದಿಲ್ಲ;
ಒಮ್ಮೊಮ್ಮೆ ಮಟಮಟ ಮಧ್ಯಾಹ್ನ ಬಂದು
ತೊಡಿ ಮ್ಯಾಲ ಕೂಡತೈತಿ, ಕೈಯಾಗಿನ ಕಂಡಿಕಿ ಬೀಳತೈತಿ.

ಕತ್ತಲಿ ಅಂದರೇನು ಅಂತ ಈಗ ನಾ ಕೇಳಿದೆ.
ಸಾವಂತ್ರಿ ಭಾಳ ಹೊತ್ತು ಬಾಯಿ ಬಿಡಲಿಲ್ಲ.
ಆಮ್ಯಾಲ ನನ್ನ ಬೆರಳು ತಗೊಂಡು
ತನ್ನ ಮುಚ್ಚಿದ ರೆಪ್ಪಿ ಮ್ಯಾಲ ಇಟ್ಟಳು.

ಬೆಚ್ಚಗಿತ್ತು.
ಒಳಗೊಂದು ಸಣ್ಣ ಲಾಳಿ
ಅತ್ತಲಾಗ ಇತ್ತಲಾಗ ಓಡತಿತ್ತು.